ಗೋದಿ ಹಿಟ್ಟಿನ ಬಣ್ಣದ ಖೋಲಿ

"ಇದನ್ನ ಬಣ್ಣ ಅಂತಾರೇನ್ರಿ ವೈನಿ?" ಲಾಲಸಾಬರು ಬಣ್ಣದ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು.

"ಗೋದಿ ಹಿಟ್ಟಿನ ಬಣ್ಣ," ಎಂದಳು ಪ್ರಿಯಂವದಾ. "ನನಗ ಅದೇ ಬೇಕು."

"ಮೂವತ್ತು ವರ್ಷ ಆತು ಬೈಲಹೊಂಗಲದಾಗ ಗ್ವಾಡಿ ಬಳಿಯಾಕ ಹತ್ತಿ. ಗಿಣಿ ಹಸರ ಕೇಳ್ಯಾರ, ಗುಲಾಬಿ ಕೇಳ್ಯಾರ, ನೇರಳಿ ಕೇಳ್ಯಾರ. ಹಿಟ್ಟು ಬಳೀರಿ ಅಂದಾಕಿ ನೀವ ಒಬ್ಬಾಕಿ."

ಸ್ಟೂಲಿನ ಮೇಲೆ ನಿಂತು ಹಳೆಯ ಬಣ್ಣ ಕೆರೆಯುತ್ತಿದ್ದ ಅವರ ಮಗಳು ಹಿನಾಕೌಸರ ತಿರುಗಿ ನೋಡಿದಳು. "ಅಬ್ಬಾ, ಸಣ್ಣ ಖೋಲಿಗಿ ಇದ ಚಲೋ ಕಾಣತೈತಿ. ನೀವು ಸುಮ್ನಿರ್ರಿ."

ಖೋಲಿ ಸಣ್ಣದೇ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಬೀದಿಗೆ ಒಂದೇ ಕಿಟಕಿ. ಎದೆಮಟ್ಟದವರೆಗೆ ಚಾಕಲೇಟ್ ಬಣ್ಣದ ಎಣ್ಣೆಬಣ್ಣ, ಅದರ ಮೇಲೆ ಗಿಣಿಹಸಿರು. ಆರು ವರ್ಷದ ಕೆಳಗೆ ಮಗನ ಮದುವೆಗೆಂದು ವೆಂಕಣ್ಣ ಮಾಸ್ತರರು ಬಳಿಸಿದ್ದು. ಹಗಲು ಹನ್ನೆರಡಕ್ಕೂ ಅಲ್ಲಿ ದೀಪ ಹಚ್ಚಬೇಕಾಗುತ್ತಿತ್ತು. ಮನೆಮನೆಗೆ ಹೋಗಿ ಹುಡುಗಿಯರಿಗೆ ಹಿಂದಿ ಹೇಳಿಕೊಡುತ್ತಿದ್ದ ಪ್ರಿಯಂವದಾ, ಗಣೇಶ ಚೌತಿ ಮುಗಿದ ಮೇಲೆ ಪಾಠವನ್ನು ಇದೇ ಖೋಲಿಗೆ ತರುವುದೆಂದು ನಿಶ್ಚಯ ಮಾಡಿದ್ದಳು. ಬಣ್ಣದ ಖರ್ಚು ಅವಳದೇ.

"ಕೆಳಗಿನ ಎಣ್ಣಿ ಬಣ್ಣ ಹಂಗ ಇರ್ಲಿ ಬಿಡ್ರಿ," ಎಂದರು ಲಾಲಸಾಬ. "ಕೈ ತಾಗಿದ್ದು, ತಲಿ ತಾಗಿದ್ದು ಕಾಣಂಗಿಲ್ಲ. ಹಸಿ ಅರಬಿಲೆ ಒರಸಿದ್ರ ಹೋಗತೈತಿ. ಈ ಹಿಟ್ಟಿನ ಮ್ಯಾಲ ಒಂದು ಬಟ್ಟು ತಾಗಿದ್ರೂ ಕಾಣತೈತಿ."

"ಕಾಣಲಿ. ನೆಲದಿಂದ ಮಾಳಿಗಿ ತನಕಾ ಒಂದೇ ಬಣ್ಣ ಹಚ್ರಿ."

ಒಳಗಿನಿಂದ ಅತ್ತೆ ಮಥುರಾಬಾಯಿ ಕೂಗಿದರು. "ದಿನಾ ಒರಸೋರು ಯಾರು, ಕೇಳ್ರಿ ಆಕೀನ್ನ!"

"ನಾನೇ ಅತ್ಯಾ."

"ಹೂಂ. ಮದಲ್ನೇ ವಾರ ನೀನು, ಆಮ್ಯಾಲ ನಾನು."

ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ವೆಂಕಣ್ಣ ಮಾಸ್ತರರು ನಕ್ಕರು. ಮುರಗೋಡದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸಂಸ್ಕೃತ ಕಲಿಸಿ ನಿವೃತ್ತರಾದವರು. ಯಾರ ಜಗಳಕ್ಕೂ ಹೋಗದವರು ಎಂದು ಓಣಿಯಲ್ಲಿ ಹೆಸರು.

ಆಷಾಢದ ಕೊನೆಯ ವಾರ ಅದು. ಮೂರು ದಿನದಲ್ಲಿ ಖೋಲಿ ಬೇರೆಯೇ ಆಯಿತು. ಪ್ರಿಯಂವದಾ ಖಾದಿ ಭಂಡಾರದಿಂದ ಬಣ್ಣ ಹಾಕದ ಬಟ್ಟೆ ತಂದು ಪರದೆ ಹೊಲಿದಳು. ನೆಲಕ್ಕೆ ಬೂದಿ ಬಣ್ಣದ ಜಮಖಾನೆ. ಗಾಜಿನ ಕಪಾಟನ್ನು, ಅದರೊಳಗಿದ್ದ ಪ್ಲಾಸ್ಟಿಕ್ ಹೂವು, ನವಿಲುಗರಿ, ಗಂಡನಿಗೆ ಕಂಪನಿ ಕೊಟ್ಟ ಬಹುಮಾನದ ಕಪ್ ಸಮೇತ ಒಳಗಿನ ಕೋಣೆಗೆ ಸಾಗಿಸಿದಳು. ಮಧ್ಯಾಹ್ನ ನಾಲ್ಕಕ್ಕೆ ದೀಪವಿಲ್ಲದೆ ಪುಸ್ತಕ ಓದಬಹುದಾಗಿತ್ತು. ಮಾಸ್ತರರು ಅದನ್ನು ಪರೀಕ್ಷಿಸಲೆಂದೇ ಕನ್ನಡಕ ಹಾಕಿಕೊಂಡು ಪಂಚಾಂಗ ಓದಿದರು.

ಸಂಜೆ ಸುಮೇಧ ಬಂದ. ಕಿತ್ತೂರಿನ ಹೈವೇ ಮೇಲಿನ ಬೈಕ್ ಶೋರೂಮಿನಲ್ಲಿ ಅವನಿಗೆ ಕೆಲಸ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಯಾರು ಸತ್ತಾರ ಈ ಮನ್ಯಾಗ?"

ಪ್ರಿಯಂವದಾ ಪರದೆಯ ಮಡಿಕೆ ಸರಿಮಾಡಿದಳು.

"ಕೇಳ್ಲಿಕ್ಕೆ ಹತ್ತೀನಿ. ವಿಧವಿ ಸೀರಿ ತಂದು ನಾಕೂ ಗ್ವಾಡಿಗೆ ಹೊಚ್ಚೀರಲ್ಲ. ನಮ್ಮ ಮ್ಯಾನೇಜರ್ ಮನೀ ನೋಡು, ಒಂದು ಗ್ವಾಡಿಗೆ ನೀಲಿ, ಅದಕ್ಕ ಬಂಗಾರದ ಹೂವಿನ ಪೇಪರ್, ಮ್ಯಾಲ ಲೈಟು. ಇದು ದವಾಖಾನಿ."

"ಹುಡುಗ್ಯಾರು ಕೂತು ಓದೋ ಖೋಲಿ," ಎಂದಳು ಪ್ರಿಯಂವದಾ. "ಬೆಳಕು ಬೇಕಿತ್ತು."

"ನನ್ನ ಕಪ್ ಎಲ್ಲೆ?"

"ಒಳಗ ಇಟ್ಟೀನಿ."

"ಊಟಕ್ಕ ಬಾರೋ ಮದಲು," ಎಂದರು ಮಥುರಾಬಾಯಿ. ಝುಣಕ, ಬಿಸಿ ಭಕ್ರಿ, ಹಸಿಮೆಣಸಿನಕಾಯಿ ಚಟ್ನಿ ಬಡಿಸಿದರು. ಸುಮೇಧ ತಟ್ಟೆ ಎತ್ತಿಕೊಂಡು ಹೊರಗಿನ ಖೋಲಿಗೆ ಬಂದು ಕುಂತ. ಎರಡು ತುತ್ತು ತಿಂದ. ಮೂರನೆಯದಕ್ಕೆ ತಟ್ಟೆಯನ್ನು ಗೋಡೆಗೆ ಬೀಸಿದ.

"ಈಗ ನೋಡು, ಸ್ವಲ್ಪ ಬಣ್ಣ ಬಂತು."

ಪ್ರಿಯಂವದಾ ಬಟ್ಟೆ ತರಲು ಎದ್ದಳು. ಅವನು ಅವಳ ಕೆನ್ನೆಗೆ ಹೊಡೆದ. ಬಿದ್ದವಳನ್ನು ಎಬ್ಬಿಸಿ ಇನ್ನೊಂದು ಕೆನ್ನೆಗೂ ಹೊಡೆದ. ಹಿತ್ತಲಲ್ಲಿ ಲಾಲಸಾಬರು ಬ್ರಷ್ ತೊಳೆಯುತ್ತಿದ್ದರು. ಸಪ್ಪಳ ಕೇಳಿ ನಳವನ್ನು ಪೂರ್ತಿ ಬಿಟ್ಟು, ನೀರು ಬಕೆಟ್ಟಿಗೆ ಜೋರಾಗಿ ಬೀಳುವಂತೆ ಮಾಡಿದರು. ಮಗಳಿಗೆ ಕೇಳದಿರಲಿ ಎಂದು. ಹಿನಾಕೌಸರಳಿಗೆ ಕೇಳಿಸಿತ್ತು.

ಇದು ಮೊದಲನೆಯ ಸಲವಲ್ಲ. ಹಿಂದೆಯೂ ಆಗಿತ್ತು, ಚಾಕಲೇಟ್ ಬಣ್ಣದ ಗೋಡೆಯನ್ನು ಮಥುರಾಬಾಯಿ ಹಸಿ ಬಟ್ಟೆಯಿಂದ ಒರೆಸಿದರೆ ಮುಗಿಯುತ್ತಿತ್ತು. ರಾಮದುರ್ಗದಲ್ಲಿದ್ದ ಅಣ್ಣನಿಗೆ ಪ್ರಿಯಂವದಾ ಎರಡು ಸಲ ಫೋನು ಮಾಡಿದ್ದಳು. "ಇಷ್ಟು ಹಬ್ಬ ಮುಗೀಲಿ, ಬಂದು ಮಾತಾಡ್ತೀನಿ," ಎಂದು ಎರಡು ಸಲವೂ ಅವನು ಹೇಳಿದ್ದ.

ಶ್ರಾವಣ ಬಂತು. ಸುಮೇಧನಿಗೆ ಆ ವರ್ಷ ಬಡ್ತಿ ತಪ್ಪಿತ್ತು. ಜೋಯಿಸರೊಬ್ಬರು ವ್ರತ ಹೇಳಿದ್ದರು: ಶ್ರಾವಣ ಮುಗಿಯುವವರೆಗೆ ಸಂಜೆ ಒಂದೇ ಊಟ, ಮಡಿಯಲ್ಲಿ ಸಂಧ್ಯಾವಂದನೆ, ಮೈಲಿಗೆ ತಾಕಿಸಿಕೊಳ್ಳಬಾರದು. ಅವನು ಚಾಚೂ ತಪ್ಪದೆ ನಡೆಸಿದ. ಹಸಿದ ಹೊಟ್ಟೆಯಲ್ಲಿ ಐವತ್ತು ಕಿಲೋಮೀಟರು ಬೈಕು ಹೊಡೆದು, ಸಂಜೆ ಮನೆಗೆ ಬಂದಾಗ ಅವನ ಮುಖ ನೋಡಲು ಎಲ್ಲರೂ ಹೆದರುತ್ತಿದ್ದರು.

ಮೊದಲನೆಯ ಗುರುವಾರ ಮಡಿಪಂಚೆ ಸಿಗಲಿಲ್ಲ. ಅದು ಹಗ್ಗದ ಮೇಲೆಯೇ ಇತ್ತು, ಪ್ರಿಯಂವದಾ ತೋರಿಸಿದಳು.

"ನನಗ ಕಣ್ಣಿಲ್ಲ ಅಂತೀಯೇನು?"

"ಹಂಗಂದಿಲ್ಲ. ಅಲ್ಲೇ ಅದ ಅಂದೆ."

ಅವನು ಅವಳ ಹೆರಳು ಹಿಡಿದು ಹೊರಗಿನ ಖೋಲಿಗೆ ಎಳೆದುಕೊಂಡು ಬಂದ. "ನಿನ್ನ ಹಿಟ್ಟಿನ ಗ್ವಾಡಿ ಎಷ್ಟು ಗಟ್ಟಿ ಅದ ನೋಡೂಣು," ಎಂದು ತಲೆಯನ್ನು ಗೋಡೆಗೆ ಬಡಿದ. ಒಂದು. ಎರಡು. ಮಾಸ್ತರರು ಬಾಗಿಲಿಗೆ ಬಂದು, ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, "ಸುಮೇಧಾ, ಸಾಕು," ಎಂದರು. ಮೂರನೆಯದೂ ಬಿತ್ತು. ಮಾಸ್ತರರು ಒಳಗೆ ಹೋಗಿ ರೇಡಿಯೋ ಹಚ್ಚಿದರು.

ಮಥುರಾಬಾಯಿ ಅರಿಸಿಣ ಒತ್ತಿ, ಹಳೆಯ ಪಂಚೆಯ ಚೂರು ಕಟ್ಟಿ, ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕುಂತರು. ಮರುದಿನ ಶುಕ್ರವಾರ. ಶ್ರಾವಣದ ಶುಕ್ರವಾರಗಳಂದು ತಾಯಂದಿರು ಮಕ್ಕಳ ಆಯುಷ್ಯಕ್ಕೆಂದು ಮಾಡುವ ಜಿವತಿ ಪೂಜೆ. ಓಣಿಯ ಮುತ್ತೈದೆಯರು ಅರಿಸಿಣ ಕುಂಕುಮಕ್ಕೆ ಬರುವವರು.

"ನಾಳೆ ನಿನ್ನ ಹ್ಯಾಂಗ ತೋರಸ್ಲೇ ಅವರಿಗೆ?"

"ಹಿಂಗೇ ತೋರಸ್ರಿ ಅತ್ಯಾ."

"ಹುಚ್ಚಿ! ಅವನ ಮರ್ಯಾದಿ ಏನಾಗಬೇಕು?" ಕಟ್ಟನ್ನು ಬಿಗಿ ಮಾಡುತ್ತ ಹೇಳಿದರು: "ನೀ ಹೊರಗಾಗೀ ಅಂತ ಹೇಳ್ತೀನಿ."

ತಿಂಗಳ ಆ ಮೂರು ದಿನ ಹೆಣ್ಣುಮಕ್ಕಳು ಬೇರೆ ಕೂಡುವ ಪದ್ಧತಿಯನ್ನು ಆ ಮನೆಯಲ್ಲಿ ಬಿಟ್ಟು ಬಹಳ ವರ್ಷವಾಗಿತ್ತು. ಆದರೆ ಶ್ರಾವಣದಲ್ಲಿ, ಗೋಡೆಗೆ ಜಿವತಿಯ ಪಟ ಅಂಟಿಸಿದ ಮೇಲೆ, ಯಾರಾದರೂ ಹೊರಗಾದರೆ ದೂರವೇ ಇಡುತ್ತಿದ್ದರು. ಹೇಳಿದ ಮೇಲೆ ಪೂರ್ತಿಯೇ ನಡೆಸಬೇಕಾಯಿತು. ಹಿತ್ತಲ ಕೋಣೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ತಂಬಿಗೆ. ಮಗನಿಗೂ ಮಥುರಾಬಾಯಿ ಅದನ್ನೇ ಹೇಳಿದರು.

ಬೆಳಿಗ್ಗೆ ಮಾಸ್ತರರು ಸ್ಟೂಲು ಹಾಕಿಕೊಂಡು, ಉಳಿದಿದ್ದ ಬಣ್ಣದ ಡಬ್ಬಿ ತೆರೆದು, ಗೋಡೆಯ ಮೇಲಿನ ಕಲೆಗೆ ತಾವೇ ಬ್ರಷ್ ಆಡಿಸಿದರು. ಪಂಚೆಯ ಮೇಲೆಲ್ಲ ಹನಿ ಬಿದ್ದವು.

ಸಂಜೆ ಹೆಂಗಸರು ಬಂದರು. "ಖೋಲಿ ಎಷ್ಟ ದೊಡ್ಡದು ಕಾಣ್ತದಲ್ಲ! ಪ್ರಿಯಂವದಾ ಎಲ್ಲೆ?" ಎಂದು ಎದುರು ಮನೆಯ ಗೋದಾಬಾಯಿ ಕೇಳಿದರು.

"ಹೊರಗಾಗ್ಯಾಳ್ರೀ."

ಪೂಜೆಯಾಯಿತು. ಮಥುರಾಬಾಯಿ ಪದ್ಧತಿಯಂತೆ ಹಿಟ್ಟಿನ ಆರತಿ ಹಚ್ಚಿ, ಮೂವತ್ತನಾಲ್ಕು ವರ್ಷದ ಮಗನನ್ನು ಮಣೆಯ ಮೇಲೆ ಕೂಡಿಸಿ, ನನ್ನ ಕೂಸು ನೂರು ವರ್ಷ ಬಾಳಲಿ ಎಂದು ಬೆಳಗಿದರು.

ಆ ರಾತ್ರಿ ಫೋನಿನ ಚಾರ್ಜರ್ ಕಾಣಲಿಲ್ಲವೆಂದು ಸುಮೇಧ ಹಿತ್ತಲ ಕೋಣೆಗೆ ನುಗ್ಗಿದ. ಕೈ ಎತ್ತಿದ. ಚಾಪೆ ಕಂಡಿತು. "ಥೂ, ಸ್ನಾನ ಮಾಡಬೇಕಾಗ್ತದ," ಎಂದು ಗೊಣಗಿ ಹೊರಟುಹೋದ. ಮರುದಿನವೂ ಅವಳ ನೆರಳು ತಾಗದಂತೆ ಸುತ್ತಿ ನಡೆದ. ಅದರ ಮರುದಿನವೂ.

ಮದುವೆಯಾದ ಮೇಲೆ ಪ್ರಿಯಂವದಾ ಮೂರು ರಾತ್ರಿ ಒಂದರ ಹಿಂದೊಂದು ನಿದ್ದೆ ಮಾಡಿದ್ದು ಅದೇ ಮೊದಲು. ನಾಲ್ಕನೆಯ ದಿನ ಎಣ್ಣೆ ಹಚ್ಚಿ ನೀರು ಹಾಕಿಕೊಂಡು ಒಳಗೆ ಬಂದಳು. ಗುರುವಾರ, ತನಗೆ ಹೇಳದೆ ಅವಳು ತವರಿಗೆ ಫೋನು ಮಾಡಿದ್ದಾಳೆಂದು ಸುಮೇಧನಿಗೆ ಗೊತ್ತಾಯಿತು. ಅವನು ಅವಳ ತೋಳು ತಿರುವಿ, ಹೆಲ್ಮೆಟ್ಟಿನಿಂದ ಮುಖಕ್ಕೆ ಹೊಡೆದ. ಎಡಗಣ್ಣು ಮುಚ್ಚಿಹೋಯಿತು.

ಎರಡನೆಯ ಶುಕ್ರವಾರ ಮಥುರಾಬಾಯಿ ಮತ್ತೆ ಅದನ್ನೇ ಹೇಳಿದರು. "ಏನೋ ಏರುಪೇರಾಗೇದ್ರೀ ಆಕಿಗೆ." ಗೋದಾಬಾಯಿ, "ಹೌದೇನ್ರೀ?" ಎಂದು ಇಷ್ಟೇ ಅಂದರು.

ಹೆಂಗಸರು ಹೋದ ಮೇಲೆ ಪ್ರಿಯಂವದಾ ಹಿತ್ತಲ ಕೋಣೆಯಿಂದ ಚಾಪೆ ಸುತ್ತಿಕೊಂಡು ಬಂದು ಹೊರಗಿನ ಖೋಲಿಯಲ್ಲಿ ಹಾಸಿದಳು.

"ಇಲ್ಲೆ ಯಾಕ?"

"ದೇವರು ಒಳಗ ಅದಾವ. ಹೊರಗಾದಾಕಿ ಹೊರಗಿನ ಖೋಲ್ಯಾಗ ಇದ್ರ ತಪ್ಪೇನು ಅತ್ಯಾ?"

ಮಥುರಾಬಾಯಿ ಅವಳ ತಟ್ಟೆ, ತಂಬಿಗೆ ತಂದು ಅಲ್ಲಿಯೇ ಇಟ್ಟರು. ಪ್ರಿಯಂವದಾ ತನ್ನ ಖೋಲಿಯಲ್ಲಿ ಮಲಗಿದಳು, ತನ್ನ ಖೋಲಿಯಲ್ಲಿ ಎದ್ದಳು. ಕಿಟಕಿಯ ಬೆಳಕಿಗೆ ಹಿಂದಿಯ ಪುಸ್ತಕ ಓದಿದಳು. ಗಂಡ ಕಿಟಕಿಯ ಹೊರಗೆ ಬೈಕು ನಿಲ್ಲಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಹೋಗತೊಡಗಿದ.

ನಾಲ್ಕನೆಯ ದಿನ ಮಥುರಾಬಾಯಿ ನೀರು ಕಾಯಿಸಿ ಕರೆದರು. "ಏಳು, ತಲಿ ಮ್ಯಾಲ ಹಾಕ್ಕೋ."

"ಇನ್ನೂ ನಿಂತಿಲ್ಲ ಅತ್ಯಾ."

ಅತ್ತೆ ಸೊಸೆಯ ಮುಖ ನೋಡಿದರು. ಕಣ್ಣಿನ ಸುತ್ತ ನೇರಳೆ ಬಣ್ಣ ಹಳದಿಗೆ ತಿರುಗುತ್ತಿತ್ತು. "ಮದಲು ಇರಲೇ ಇಲ್ಲಲ್ಲ ನಿಂಗ," ಎನ್ನಲು ಬಾಯಿ ತೆರೆದವರು ಮುಚ್ಚಿದರು. ಒಳಗೆ ಹೋಗಿ ಬಿಸಿ ಭಕ್ರಿಯ ಮೇಲೆ ಬೆಣ್ಣೆಯ ಉಂಡೆ ಇಟ್ಟುಕೊಂಡು ಬಂದು ತಟ್ಟೆಗೆ ಮೇಲಿನಿಂದ ಬಿಟ್ಟರು. ಆ ದಿನ ಸಂಜೆ ಮಗ ಕೇಳಿದಾಗ, "ಇನ್ನೂ ಹೊರಗಿದ್ದಾಳ," ಎಂದು ಅವರೇ ಹೇಳಿದರು. ಐದನೆಯ ದಿನ ತಮ್ಮ ದಪ್ಪ ಕೌದಿಯನ್ನು ಕೊಟ್ಟರು.

"ನಿಮಗ ಥಂಡಿ ಆಗೂದಿಲ್ಲೇನ್ರೀ ಅತ್ಯಾ?"

"ನನಗ ಒಲಿ ಅದ. ಹೊಚಕೋ."

ಮಂಗಳವಾರ ಲಾಲಸಾಬರು ಮಗಳೊಂದಿಗೆ ಬಂದರು. ಮಾಸ್ತರರೇ ಕರೆಸಿದ್ದರು. ಅವರು ಬ್ರಷ್ ಆಡಿಸಿದ್ದ ಜಾಗದಲ್ಲಿ ಕಂದು ಕಲೆ ಮತ್ತೆ ಎದ್ದಿತ್ತು, ಎರಡು ಸಲ ಬಳಿದರೂ ಎದ್ದಿತ್ತು.

"ಕುರ್ಚಿ ಬಡೀತು ನೋಡೋ ಲಾಲಸಾಬಾ," ಎಂದರು ಮಾಸ್ತರರು.

ಲಾಲಸಾಬರು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರು, ಎದ್ದರು, ಬೆರಳಿನಿಂದ ತಗ್ಗು ಸವರಿದರು. ಅದಕ್ಕೆ ಒಂದು ಉದ್ದನೆಯ ಕೂದಲು ಬಣ್ಣದೊಳಗೇ ಅಂಟಿತ್ತು.

"ಕುರ್ಚಿ ಇಷ್ಟು ಮ್ಯಾಲ ಬಡಿಯಂಗಿಲ್ರಿ ಮಾಸ್ತರ."

"ನೀ ಬಳಿಯೋ. ಶುಕ್ರವಾರ ಮಂದಿ ಬರ್ತಾರ."

"ನೆತ್ತರದ ಮ್ಯಾಲ ಬಣ್ಣ ನಿಂದ್ರಂಗಿಲ್ರಿ. ನೀರಿನ ಬಣ್ಣಕ್ಕ ಅದು ಕೆಳಗಿಂದ ಎದ್ದ ಬರತೈತಿ. ಪ್ರೈಮರ್ ಹೊಡದು ಮುಚ್ಚಬೇಕು. ನನ್ನ ಹತ್ರ ಐತಿ." ಲಾಲಸಾಬರು ಡಬ್ಬಿ ತೆರೆಯಲಿಲ್ಲ. "ಆದ್ರ ನಾ ಮುಚ್ಚಂಗಿಲ್ರಿ. ವೈನಿ ಹೇಳಿದ ದಿವಸ ಬಂದು ಪೂರಾ ಖೋಲಿ ಪುಕ್ಕಟ ಬಳದು ಕೊಡತೇನಿ. ನೀವು ಹೇಳಿದ್ರ ಇಲ್ಲ."

ಮಾಸ್ತರರ ಕಿವಿ ಕೆಂಪಾದವು. ಎದ್ದು ಒಳಗೆ ಹೋದರು.

ಅಷ್ಟರಲ್ಲಿ ಹಿನಾಕೌಸರ ಚಾಪೆಯ ಮೇಲೆ ಪ್ರಿಯಂವದಾಳ ಪಕ್ಕದಲ್ಲೇ ಕುಂತಿದ್ದಳು.

"ಏ, ನಾ ಹೊರಗ ಕೂತೀನಿ. ಮುಟ್ಟಬಾರದು," ಎಂದಳು ಪ್ರಿಯಂವದಾ.

"ನನಗೆಲ್ಲಿ ಪೂಜಿ ಐತ್ರಿ ವೈನಿ? ತಿರಗ್ರಿ ಆಕಡೆ. ಗಾಯ ಆಗಿದ್ದಕ್ಕ ಹಣಗಿ ಹಚ್ಚೇ ಇಲ್ಲ ನೀವು. ಗಂಟ ನೋಡ್ರಿ ಎಷ್ಟ ಆಗ್ಯಾವ."

ಗಾಯವನ್ನು ಬಿಟ್ಟು ಸುತ್ತಲಿನ ಕೂದಲನ್ನು ಅವಳು ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿದಳು. ಅರ್ಧ ತಾಸು ಹಿಡಿಯಿತು. ಅಪ್ಪ ಬಾಗಿಲಲ್ಲಿ ಡಬ್ಬಿ ಹಿಡಿದು, ತಡವಾಯಿತೆನ್ನದೆ ನಿಂತಿದ್ದರು.

ಮೂರನೆಯ ಶುಕ್ರವಾರ ಸುಮೇಧನಿಗೆ ರಜೆ. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಮಡಿಪಂಚೆ ಉಟ್ಟು ಒಳಗಿನ ಬಾಗಿಲಿನಿಂದ ಎರಡು ಸಲ ಇಣುಕಿದ.

"ಎಂಟು ದಿನ ಆತು. ದವಾಖಾನಿಗೆ ಕರಕೊಂಡು ಹೋಗಬಾರದೇನವ್ವಾ ಇಕೀನ್ನ?"

"ಹೋಗೂಣು. ಹಬ್ಬ ಮುಗೀಲಿ," ಎಂದರು ಮಥುರಾಬಾಯಿ, ಹೋಳಿಗೆಯ ಹೂರಣ ರುಬ್ಬುತ್ತ. "ಪ್ರಿಯಂವದಾ, ಹೆಣ್ಮಕ್ಕಳು ಬರೋ ಹೊತ್ತಾತು. ಹಿತ್ತಲ ಖೋಲಿಗೆ ಹೋಗು."

"ನಾ ಎಲ್ಲೂ ಹೋಗೂದಿಲ್ಲ ಅತ್ಯಾ."

"ಅವರು ನಿನ್ನ ಮಾರಿ ನೋಡ್ತಾರ."

"ನೋಡ್ಲಿ."

ಐದು ಗಂಟೆಗೆ ಗೋದಾಬಾಯಿ ಮುಂದಾಗಿ ನಾಲ್ವರು ಬಂದರು. ಹೊಸಿಲು ದಾಟಿದವರು ದಾಟಿದಲ್ಲೇ ನಿಂತರು. ತಿಳಿ ಗೋಡೆಗೆ ಬೆನ್ನು ಕೊಟ್ಟು ಪ್ರಿಯಂವದಾ ಚಾಪೆಯ ಮೇಲೆ ಕುಂತಿದ್ದಳು. ಕಣ್ಣಿನ ಸುತ್ತಲಿನ ಹಳದಿ, ಹಸಿರು, ತೋಳಿನ ಮೇಲಿನ ಐದು ಬೆರಳು, ಮುಂದಲೆಯ ಒಣಗಿದ ಗಾಯ, ಆ ಬೆಳಕಿನಲ್ಲಿ ಯಾವುದೂ ಮರೆಯಾಗಿರಲಿಲ್ಲ. ಅವಳ ತಲೆಯ ಪಕ್ಕದಲ್ಲಿ ಗೋಡೆಯ ಕಂದು ಕಲೆ ಇತ್ತು.

"ಆಕಿ ಹೊರಗಾಗ್ಯಾಳ್ರೀ," ಎಂದರು ಮಥುರಾಬಾಯಿ ಅಡಿಗೆ ಮನೆಯಿಂದಲೇ. "ನೀವು ಒಳಗ ಬರ್ರಿ."

ಗೋದಾಬಾಯಿ ಕದಲಲಿಲ್ಲ. "ಮಥುರಾಬಾಯಿ, ನನಗೂ ಮೂರು ಮಂದಿ ಹೆಣ್ಮಕ್ಕಳಿದ್ದಾರ. ಮೂರು ಶುಕ್ರವಾರ ಆತು. ಮೂರಕ್ಕ ಮೂರೂ ಹೊರಗಾಗ್ತಾಳೇನ್ರೀ ನಿಮ್ಮ ಸೊಸಿ? ಹೊರಗಾದ್ರ ಕಣ್ಣು ಬಾಯ್ತದೇನು?"

ಒಳಗೆ ಲಟ್ಟಣಿಗೆಯ ಸಪ್ಪಳ ನಿಂತಿತು. ಸುಮೇಧ ನಡುವಿನ ಬಾಗಿಲಿಗೆ ಬಂದ.

"ಸುಳ್ಳೇನು?" ಎಂದ ಹೆಂಡತಿಗೆ. "ಎಂಟು ದಿನ ನನ್ನ ಮನ್ಯಾಗ ನನ್ನನ್ನ ಹಿತ್ತಲ ಬಾಗಲದಿಂದ ತಿರಿಗ್ಯಾಡಿಸಿದೀ. ಸುಳ್ಳೇನು?"

"ಹೌದು. ಸುಳ್ಳು," ಎಂದಳು ಪ್ರಿಯಂವದಾ. "ಎಂಟು ದಿನ ನೀವು ಹೊಡೀಲಿಲ್ಲ."

ಅವನ ಕೈಯಲ್ಲಿ ತಾಮ್ರದ ತಂಬಿಗೆ ಇತ್ತು. ಬೀಸಿದ. ಅದು ಅವಳ ಹುಬ್ಬಿಗೆ ಬಡಿದು, ಗೋಡೆಗೆ ಬಡಿದು, ಉರುಳಿತು. ಹುಬ್ಬು ಬಿರಿದು ರಕ್ತ ಗಲ್ಲದವರೆಗೆ ಇಳಿಯಿತು. ಹೆಂಗಸರು ಚೀರಿದರು.

"ಊಟದ ತನಕಾ ನಾ ಮಡಿಯಾಗಿದ್ದೀನಿ," ಎಂದ ಸುಮೇಧ. "ಮುಟ್ಟದೇನೂ ಹೊಡೀಲಿಕ್ಕೆ ಬರ್ತದ ನನಗ." ಮಡಿಬಟ್ಟೆ ಒಣಹಾಕುವ ಉದ್ದ ಬಿದಿರುಕೋಲನ್ನು ಮೂಲೆಯಿಂದ ಎಳೆದುಕೊಂಡ. ದೂರದಲ್ಲೇ ನಿಂತು ಎರಡೂ ಕೈಯಿಂದ ಎತ್ತಿ ಹೊಡೆದ. ಮೊದಲನೆಯ ಏಟು ಅವಳ ಹೆಗಲಿಗೆ ಬಿತ್ತು. ಎರಡನೆಯದು ಮುಖಕ್ಕೆ ಅಡ್ಡ ಹಿಡಿದ ಮಣಿಕಟ್ಟಿಗೆ ಬಿತ್ತು. ಎಲುಬಿನ ಸಪ್ಪಳ ಎಲ್ಲರಿಗೂ ಕೇಳಿಸಿತು. ಬಳೆ ಒಡೆದು ಜಮಖಾನೆಯ ಮೇಲೆ ಚೆಲ್ಲಿದವು.

ಮಾಸ್ತರರು ಕುರ್ಚಿಯಿಂದ ಎದ್ದಿದ್ದರು. ಎದ್ದೇ ನಿಂತಿದ್ದರು.

ಮಥುರಾಬಾಯಿ ಹಿಟ್ಟಿನ ಕೈಯಲ್ಲೇ ಬಂದರು. ಮಡಿಸೀರೆಯ ಕಚ್ಚೆ ಹಾಕಿದ್ದ ಅವರು ಮಗನ ಕೋಲಿನ ಕೆಳಗೆ ಬಗ್ಗಿ ದಾಟಿ, ಚಾಪೆಯ ಮೇಲೆ ಕುಂತು, ಸೊಸೆಯನ್ನು ಎರಡೂ ತೋಳಿನಿಂದ ಅಪ್ಪಿಕೊಂಡರು. ಎತ್ತಿದ್ದ ಕೋಲು ತಡೆಯಲಿಲ್ಲ. ಅದು ಅವರ ಬೆನ್ನಿಗೆ ಬಿತ್ತು. ಎಪ್ಪತ್ತು ವರ್ಷದ ಬೆನ್ನು. ಉಸಿರು ಸಿಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅವ್ವಾ, ಏಳು. ಮೈಲಿಗಿ ಆತು. ನೈವೇದ್ಯ ಆಗಿಲ್ಲ ಇನ್ನೂ."

"ಆಗೂದೂ ಇಲ್ಲ."

"ಏಳಂದ್ರ!"

"ನಾನೂ ಮುಟ್ಟೀನಿ. ನಾನೂ ಈಗ ಹೊರಗಿನಾಕಿ. ಹೊಡಿ, ಇನ್ನೊಂದು ಹೊಡಿ. ನಿನಗ ಆರತಿ ಮಾಡಿದ ಕೈ ಇವು. ಇವಕ್ಕ ಹೊಡಿ."

ಗೋದಾಬಾಯಿ ಸರಸರನೆ ಬಂದು ಅವರ ಪಕ್ಕ ಕುಂತರು. ಇನ್ನೊಬ್ಬರು ಬಂದರು. ಆಮೇಲೆ ಉಳಿದಿಬ್ಬರೂ. ಸಣ್ಣ ಖೋಲಿಯ ಆ ಮೂಲೆಯಲ್ಲಿ ರೇಷ್ಮೆ ಸೀರೆಗಳು ಒತ್ತೊತ್ತಾಗಿ ಕುಂತು ಪ್ರಿಯಂವದಾ ಕಾಣದಂತಾದಳು. ಕೋಲಿನ ತುದಿ ಗೋದಾಬಾಯಿಯ ಮುಷ್ಟಿಯಲ್ಲಿತ್ತು.

"ಬಿಡ್ರಿ ಕೋಲು."

"ನೀ ಬಿಡೋ ಮೊದಲು, ಭಾಡ್ಯಾ. ನಿನ್ನ ಹೆರಿಗಿಗೆ ನೀರು ಕಾಸಿದಾಕಿ ನಾನು. ಆವತ್ತೇ ಒಲಿ ಆರಿಸಬೇಕಿತ್ತು."

ಸುಮೇಧ ಕೋಲು ಬಿಟ್ಟ. ಕಿಟಕಿಯ ಪರದೆಯನ್ನು ಹಿಡಿದೆಳೆದು ಹರಿದ. ಟೀಪಾಯಿಯನ್ನು ಒದ್ದ. ಯಾರೂ ಏಳಲಿಲ್ಲ. ಮಡಿಪಂಚೆಯಲ್ಲೇ ಬೈಕು ಹತ್ತಿ ಹೋದ.

ಮಥುರಾಬಾಯಿ ಸೊಸೆಯ ಹುಬ್ಬಿಗೆ ತಮ್ಮ ಸೆರಗು ಒತ್ತಿ ಹಿಡಿದಿದ್ದರು. ಬೇರೆ ಸೀರೆ ಉಡಿಸೋಣ, ಮುಖ ತೊಳೆಯೋಣ ಎಂದು ಒಬ್ಬರು ಅಂದರು.

"ಬ್ಯಾಡ್ರಿ," ಎಂದರು ಗೋದಾಬಾಯಿ. "ತೊಳದು ತೊಳದೇ ಇಲ್ಲೀ ತನಕಾ ಬಂದದ. ಹಿಂಗೇ ನಡೀರಿ."

ಬಾಗಿಲ ಬಳಿ ಮಾಸ್ತರರು ನಿಂತಿದ್ದರು. ಒಂದು ಕೈಯಲ್ಲಿ ಸೊಸೆಯ ಚಪ್ಪಲಿ. ಬಗ್ಗಿ ಅವಳ ಕಾಲ ಮುಂದೆ ಇಟ್ಟರು. ಮಾವ ತನ್ನ ಚಪ್ಪಲಿ ಮುಟ್ಟಿದ್ದು ನೋಡಿ ಪ್ರಿಯಂವದಾಳಿಗೆ ಅಷ್ಟು ಹೊತ್ತು ಬಾರದ ಅಳು ಬಂತು.

ಸರಕಾರಿ ದವಾಖಾನೆಗೆ ಆಟೋದಲ್ಲಿ ಹತ್ತು ನಿಮಿಷ. ನರ್ಸ್ ರಿಜಿಸ್ಟರ್ ತೆರೆದು, ಪ್ರಿಯಂವದಾಳ ಮಣಿಕಟ್ಟಿಗೆ ಹಲಗೆ ಕಟ್ಟುತ್ತಿದ್ದ ಡಾಕ್ಟರರ ಕಡೆಗೊಮ್ಮೆ, ರಕ್ತದ ಸೆರಗಿನ ಮಡಿಸೀರೆಯ ಮುದುಕಿಯ ಕಡೆಗೊಮ್ಮೆ ನೋಡಿದಳು.

"ಹ್ಯಾಂಗಾತ್ರಿ ಇದು?"

"ಅಡಿಗಿ ಮನ್ಯಾಗ ನೀರು ಚೆಲ್ಲಿತ್ತು," ಎಂದರು ವೆಂಕಣ್ಣ ಮಾಸ್ತರರು. "ಕಾಲು ಜಾರಿ—"

"ಸುಮ್ನಿರ್ರಿ," ಎಂದರು ಮಥುರಾಬಾಯಿ. ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡನಿಗೆ ಆ ಮಾತನ್ನು ಅವರು ಹೊರಗಿನವರ ಮುಂದೆ ಅಂದಿರಲಿಲ್ಲ. ನರ್ಸಿನ ಮೇಜಿಗೆ ಹತ್ತಿರ ಬಂದರು. "ಬರಕೋ ತಾಯಿ. ಆಕಿ ಗಂಡ ಹೊಡದಾನ. ಹೆಸರು ಸುಮೇಧ. ಇವತ್ತು ಕೋಲಿಲೆ, ಹೋದ ವಾರ ಹೆಲ್ಮೆಟ್ಟಿಲೆ, ಅದರ ಹಿಂದಿನ ವಾರ ಗ್ವಾಡಿಗೆ ಹಾಕಿ ಬಡದಾನ. ಅದರ ಹಿಂದಿಂದೂ ಹೇಳ್ತೀನಿ. ಎಲ್ಲಾ ನನಗ ಗೊತ್ತದ."

"ನೀವು ಯಾರ್ರಿ ಅಜ್ಜೀ?"

"ಹೊಡದಾವನ ತಾಯಿ."

ನರ್ಸಿನ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. ಪೊಲೀಸ್ ಠಾಣೆಗೆ ಫೋನು ಹೋಯಿತು. ಬಂದ ಹೆಂಗಸು ಪೇದೆ ಎಲ್ಲವನ್ನೂ ಮತ್ತೊಮ್ಮೆ ಕೇಳಿ ಬರೆದುಕೊಂಡಳು. ಕಣ್ಣಾರೆ ಕಂಡವರ ಸಹಿ ಬೇಕು ಎಂದಳು. ಗೋದಾಬಾಯಿ ಹಾಕಿದರು. ಕಾಗದ ಮಾಸ್ತರರ ಮುಂದೆ ಬಂತು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನೀವೂ ಅಲ್ಲೇ ನಿಂತಿದ್ರಿ," ಎಂದರು ಮಥುರಾಬಾಯಿ ಮೆಲ್ಲಗೆ.

ಮಾಸ್ತರರು ಸಹಿ ಹಾಕಿದರು.

"ಆತ್ರಿ," ಎಂದಳು ಪೇದೆ, ಪ್ರಿಯಂವದಾಳ ಮಂಚದ ಹತ್ತಿರ ಬಂದು. "ಅಕ್ಕಾರ, ನಿಮ್ಮನ್ನ ಈಗ ಎಲ್ಲಿಗಿ ಮುಟ್ಟಸೂಣು? ರಾಮದುರ್ಗದಾಗ ತವರುಮನಿ ಐತೆಂದ್ರಿ. ಗಾಡಿ ಮಾಡಿ ಕೊಡತೇನಿ."

ಪ್ರಿಯಂವದಾ ಕಟ್ಟು ಹಾಕಿದ ಕೈಯನ್ನು ಎದೆಗೆ ಹಿಡಿದುಕೊಂಡು ಅತ್ತೆಯ ಕಡೆ ನೋಡಿದಳು.

"ಆಕಿ ಯಾಕ ಹೋಗಬೇಕು?" ಎಂದರು ಮಥುರಾಬಾಯಿ. "ಚೌತಿ ಆದಮ್ಯಾಲ ಹನ್ನೊಂದು ಮಂದಿ ಹುಡುಗ್ಯಾರು ಪಾಠಕ್ಕ ಬರ್ತಾರ. ಅವನ ಸಾಮಾನು ಹೊರಗ ಇಡ್ತೀನಿ, ಬಂದ್ರ ಒಯ್ಯಲಿಕ್ಕೆ ಹೇಳ್ರಿ. ನೀವೂ ಜೋಡಿಗೆ ಬರ್ರಿ, ಒಬ್ಬಾಕಿಗೆ ನನಗ ಅಂಜಿಕಿ ಆಗ್ತದ."